ಅಕ್ಕನಿಗೆ ಮಾಡಿಕೊಟ್ಟ ಪರದೆ

ಮೂವತ್ತನಾಲ್ಕು ವರ್ಷ ನಾನು ದೂರವಾಣಿ ಕೇಂದ್ರದಲ್ಲಿ ಕೆಲಸ ಮಾಡಿದೆ. ಮೊದಲು ಮಂಡ್ಯದಲ್ಲಿ, ಆಮೇಲೆ ಮದ್ದೂರಿನಲ್ಲಿ. ಲೈನು ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ನನ್ನ ಕೆಲಸ. ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಮೇಜಿನ ಮುಂದೆ ಇರುತ್ತಿದ್ದೆ. ರಾತ್ರಿ ಬಂದ ದೂರಿನ ಚೀಟಿಗಳನ್ನು ಊರಿನ ಪ್ರಕಾರ ಜೋಡಿಸಿ, ಒಂದೊಂದನ್ನೇ ಪರೀಕ್ಷಿಸಿ, ಸರಿಹೋದದ್ದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ. ಗೆರೆ ಎಳೆದ ಚೀಟಿಯನ್ನು ಮತ್ತೆ ತೆರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಿವೃತ್ತಿಯಾದ ಮೇಲೂ ನಾನು ಹೀಗೆಯೇ ಬದುಕುತ್ತಿದ್ದೇನೆ. ಮನೆಯಲ್ಲಿ ನಲ್ಲಿ ಸೋರಿದರೂ ಪುಸ್ತಕದಲ್ಲಿ ಬರೆದುಕೊಂಡು, ಸರಿಮಾಡಿ, ಗೆರೆ ಎಳೆಯುತ್ತೇನೆ.

ಇದನ್ನು ಹೆಚ್ಚುಗಾರಿಕೆ ಎಂದು ಹೇಳಿಕೊಳ್ಳುತ್ತಿಲ್ಲ. ನನ್ನ ಅಕ್ಕ ಈ ಹೊತ್ತು ಅವಳಿಗೆ ಬೇಡವಾದ ಮನೆಯಲ್ಲಿ ಕೂತಿದ್ದಾಳೆ. ಅವಳನ್ನು ಅಲ್ಲಿ ಕೂರಿಸಿದ್ದು ಈ ಪದ್ಧತಿಯೇ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಗದ್ದೆಗೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಬೆಸಗರಹಳ್ಳಿಗೆ ಮದುವೆಯಾಗಿ ಹೋದಳು. ಭಾವ ಹೋದ ಮೇಲೆ ಮಗ, ಸೊಸೆಯ ಜೊತೆ ಅದೇ ಮನೆಯಲ್ಲಿ ಇದ್ದಳು. ಓದು ಬರಹ ಇಲ್ಲ. ಬಾಯಿ ಮಾತ್ರ ಬೀದಿಗೆಲ್ಲ ಗೊತ್ತಿತ್ತು. ಒಮ್ಮೆ ಮದ್ದೂರಿನಿಂದ ಹೋಗುವಾಗ ಬಸ್ಸು ಅವಳ ನಿಲ್ದಾಣದಲ್ಲಿ ನಿಲ್ಲದೆ ಮುಂದೆ ಹೋಯಿತಂತೆ. ಕಂಡಕ್ಟರನ ಭುಜ ತಟ್ಟಿ, "ಲೇ, ಬಸ್ಸು ನಿಮ್ಮಪ್ಪುಂದಾ? ಇಂದಕ್ ಬುಡುಸ್ಲಾ," ಎಂದು ಹೇಳಿ ಬಸ್ಸನ್ನು ಹಿಂದಕ್ಕೆ ಹೊರಡಿಸಿಯೇ ಇಳಿದಳು. ಆ ಕಂಡಕ್ಟರ್ ಆಮೇಲೆ ಪ್ರತಿ ಸಲವೂ ಅವಳನ್ನು ಕಂಡರೆ ಮೊದಲೇ ಶಿಳ್ಳೆ ಊದುತ್ತಿದ್ದ ಎಂದು ಅವಳ ಮಗನೇ ಹೇಳಿ ನಗುತ್ತಿದ್ದ.

ಅವಳ ಮಗಳನ್ನು ಮಳವಳ್ಳಿಗೆ ಕೊಟ್ಟಿದೆ. ಒಳ್ಳೆಯ ಮನೆ, ಒಳ್ಳೆಯ ಅಳಿಯ. ಆದರೂ ಅಕ್ಕ ಅಲ್ಲಿ ಒಂದು ರಾತ್ರಿಯೂ ಉಳಿದದ್ದನ್ನು ನಾನು ಕಾಣೆ. ಬೆಳಗಿನ ಬಸ್ಸಿಗೆ ಹೋಗುವಳು, ಮಂಚದ ಅಂಚಿನಲ್ಲಿ ಕೂರುವಳು, ಉಣ್ಣುವಳು, ಸಾಯಂಕಾಲದ ಬಸ್ಸಿಗೆ ಮದ್ದೂರಿಗೆ ಬಂದು, ನನ್ನ ಮನೆಯಲ್ಲಿ ಕಾಫಿ ಕುಡಿದು ಊರಿಗೆ ಹೋಗುವಳು. ಇರಬಾರದಿತ್ತೇ ಎಂದು ನಾನು ಕೇಳಿದರೆ, "ಮಗಳ ಮನೇಲಿ ನಂಗೇನ್ಲಾ ಕೆಲ್ಸ? ನೋಡ್ದೆ, ಉಂಡೆ, ಬಂದೆ," ಎನ್ನುವಳು. ಮಗಳ ಮನೆಯಲ್ಲಿ ಕಾಲು ಚಾಚಿ ಮಲಗುವುದು ಅವಳ ಕಾಲದವರಿಗೆ ನಾಚಿಕೆಯ ವಿಷಯ. ಅದು ಅವಳ ರಕ್ತದಲ್ಲೇ ಇತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಎರಡು ವರ್ಷದ ಹಿಂದೆ, ಅವರೆಕಾಯಿಯ ಕಾಲದಲ್ಲಿ, ಒಂದು ಬೆಳಿಗ್ಗೆ ಜಗಲಿಯ ಮೇಲೆ ಕಾಯಿ ಸುಲಿಯುತ್ತಾ ಕೂತವಳು ಮಗ್ಗುಲಿಗೆ ವಾಲಿದಳು. ಲಕ್ವ. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ: ಕಣ್ಲಾ. ವಾಕ್ಯವೆಲ್ಲ ಅಳಿಸಿಹೋಗಿ ಅದರ ಬಾಲ ಮಾತ್ರ ನಿಂತಿತ್ತು. ಸೊಸೆಗೂ ಕಣ್ಲಾ, ಡಾಕ್ಟರಿಗೂ ಕಣ್ಲಾ, ಹಸಿವಿಗೂ ಕಣ್ಲಾ.

ಮಂಡ್ಯದಲ್ಲಿ ಮಾತಿನ ತರಬೇತಿ ಕೊಡುವ ಒಬ್ಬ ಹೆಣ್ಣುಮಗಳ ಹತ್ತಿರ ವಾರಕ್ಕೊಮ್ಮೆ ಕರೆದುಕೊಂಡು ಹೋಗುತ್ತಿದ್ದೆವು. ಆಕೆ ಎರಡು ಮಾತು ಹೇಳಿದಳು. ಅಕ್ಕನಿಗೆ ನಾವು ಹೇಳುವುದು ಬಹಳಮಟ್ಟಿಗೆ ಅರ್ಥವಾಗುತ್ತದೆ, ಬಾಯಿಗೆ ಮಾತು ಬರುವುದಿಲ್ಲ ಅಷ್ಟೇ ಎಂಬುದು ಮೊದಲನೆಯದು. ಇಂಥ ಕಾಯಿಲೆಯಲ್ಲಿ ತಲೆ ಆಡಿಸುವುದು ಅದಲುಬದಲಾಗುತ್ತದೆ, ಹೂಂ ಎನ್ನಬೇಕಾದಲ್ಲಿ ಊಹೂಂ ಎಂದು ಆಡಿಸುತ್ತಾರೆ, ಅದನ್ನೊಂದನ್ನೇ ನೆಚ್ಚಿಕೊಳ್ಳಬೇಡಿ ಎಂಬುದು ಎರಡನೆಯದು. ಒಂದು ರಟ್ಟಿನ ಮೇಲೆ ನಾಲ್ಕು ಚಿತ್ರ ಅಂಟಿಸಿ ಕೊಟ್ಟು, ಬೇಕಾದುದನ್ನು ಎಡಗೈಯಲ್ಲಿ ಮುಟ್ಟಿ ತೋರಿಸಲಿ ಎಂದಳು.

ರಟ್ಟು ನನಗೆ ಒಗ್ಗಲಿಲ್ಲ. ಮೂಲೆ ಮಡಚಿಕೊಳ್ಳುತ್ತದೆ, ಸಾರು ಚೆಲ್ಲುತ್ತದೆ, ಯಾರೂ ಎದುರಿಗಿಲ್ಲದಿದ್ದರೆ ಅದು ಮೂಕ. ಮುಟ್ಟಿದರೆ ಮಾತಾಡುವ ಪರದೆ ಮಾಡಿಕೊಡುತ್ತೇನೆ ಎಂದೆ. ಮೊಬೈಲಿನಲ್ಲೇ ಆಗುತ್ತದಲ್ಲ ಎಂದು ಸೋದರಳಿಯ ಹೇಳಿದ. ಮೊಬೈಲು ಜಾರುತ್ತದೆ, ನಡುವೆ ಯಾರೋ ಕರೆ ಮಾಡುತ್ತಾರೆ, ಮಂಚಕ್ಕೆ ಭದ್ರವಾಗಿ ಕೂರುವುದೇ ಆಗಬೇಕು ಎಂದು ನಾನು ಒಪ್ಪಲಿಲ್ಲ. ಆ ರಟ್ಟನ್ನು ಇಟ್ಟುಕೊಂಡಿದ್ದರೆ ಸಾಕಿತ್ತು. ರಟ್ಟಿಗೆ ಮೇಲು ಕೆಳಗು ತಪ್ಪುವುದಿಲ್ಲ.

ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಏಳು ಇಂಚಿನ ಮುಟ್ಟುವ ಪರದೆ ತರಿಸಿದೆ. ಇವುಗಳನ್ನು ಜೋಡಿಸುವ ವಿಧಾನವನ್ನು ಇಂಟರ್ನೆಟ್ಟಿನಿಂದ ತೆಗೆದು, ಮದ್ದೂರಿನ ಪ್ರಿಂಟಿನ ಅಂಗಡಿಯಲ್ಲಿ ಹನ್ನೊಂದು ಪುಟ ಅಚ್ಚು ಹಾಕಿಸಿ, ದಾರ ಕಟ್ಟಿ ಪುಸ್ತಕ ಮಾಡಿದೆ. ಇಂಗ್ಲಿಷ್ ನನಗೆ ಅಭ್ಯಾಸವಿತ್ತು. ನಮ್ಮ ಇಲಾಖೆಯ ಕೈಪಿಡಿಗಳೆಲ್ಲ ಇಂಗ್ಲಿಷಿನವೇ. ಒಂದೊಂದು ಸಾಲನ್ನೂ ಓದಿ, ಮಾಡಿ, ಕೆಂಪು ಗೆರೆ ಎಳೆಯುತ್ತಾ ಹೋದೆ. ನಮ್ಮ ಪರಿಸ್ಥಿತಿಗೆ ಸಂಬಂಧಿಸದ ಸಾಲುಗಳ ಪಕ್ಕದಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದೆ.

ಆ ನಾಲ್ಕು ದಿನ ನನಗೆ ಸಂತೋಷವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಪರದೆಯನ್ನೂ ಬೋರ್ಡನ್ನೂ ಸೇರಿಸುವುದು ಕಾಗದದಷ್ಟು ತೆಳ್ಳಗಿನ ಚಪ್ಪಟೆ ಕೇಬಲ್ಲು. ಬೋರ್ಡಿನ ಮೇಲಿನ ಪುಟ್ಟ ಕಪ್ಪು ಚಿಲಕವನ್ನು ಉಗುರಿನಿಂದ ಎರಡೂ ಬದಿ ಸಮನಾಗಿ ಎತ್ತಬೇಕು, ಕೇಬಲ್ಲಿನ ಹೊಳೆಯುವ ಮುಖ ಸರಿಯಾದ ಕಡೆಗಿದೆಯೇ ನೋಡಿ ಒಳಗೆ ಇಳಿಸಬೇಕು, ಚಿಲಕ ಒತ್ತಬೇಕು. ಒಂದು ಕೂದಲೆಳೆ ಓರೆಯಾದರೂ ಪರದೆ ಕಪ್ಪಾಗಿಯೇ ಇರುತ್ತದೆ. ಆಮೇಲೆ ವಿದ್ಯುತ್ತಿಗೆ ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ. ಮೊದಲ ಸಲಕ್ಕೇ ಬೆಳಕು ಬಂತು. ಮೇಜಿನ ಮೇಲೆ ಮಲಗಿಸಿಕೊಂಡೇ ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದೆ. ಎಲ್ಲ ಸರಿಯಾಗಿತ್ತು. 'ಸ್ಪರ್ಶ ಪರೀಕ್ಷೆ' ಎಂಬ ಸಾಲಿನ ಮೇಲೆ ಗೆರೆ ಎಳೆದೆ.

ಚಿತ್ರಗಳು ನಾಲ್ಕು. ಮೇಲೆ ಎಡಕ್ಕೆ ನೀರಿನ ಚೊಂಬು, ಬಲಕ್ಕೆ ಊಟದ ತಟ್ಟೆ. ಕೆಳಗೆ ಎಡಕ್ಕೆ ನೋವಿಗೆಂದು ಮೊಣಕಾಲು ಹಿಡಿದುಕೊಂಡ ಹೆಂಗಸು, ಬಲಕ್ಕೆ ಬಾತ್‌ರೂಮು. ಇನ್ನೊಂದು ಪುಟದಲ್ಲಿ ಎರಡೇ ಗುರುತು. ಎಡಕ್ಕೆ ಹಸಿರು ಬಣ್ಣದ 'ಬೇಕು', ಬಲಕ್ಕೆ ಕೆಂಪು ಬಣ್ಣದ 'ಬೇಡ'. ಮುಟ್ಟಿದರೆ ಕೇಳಿಸುವ ಮಾತುಗಳನ್ನು ನನ್ನ ದನಿಯಲ್ಲೇ ಅಚ್ಚುಕಟ್ಟಾಗಿ ಹೇಳಿ ತುಂಬಿಸಿದೆ. ನನಗೆ ನೀರು ಬೇಕು. ನನಗೆ ನೋವಾಗುತ್ತಿದೆ. ಅಕ್ಕ ಜನ್ಮದಲ್ಲಿ ಆಡದ ಶುದ್ಧ ಭಾಷೆ.

ಮರದ ಚೌಕಟ್ಟು ಮಾಡಿಸಿ, ಬೆಸಗರಹಳ್ಳಿಗೆ ಒಯ್ದು, ಅವಳ ಮಂಚದ ಎಡಗಡೆ ಕೂರಿಸಿದೆ. ಅಲ್ಲಿ ಒಂದು ತೊಡಕು ಬಂತು. ಕರೆಂಟಿನ ವೈರು ಪರದೆಯ ಕೆಳಗಿನ ಅಂಚಿನಿಂದ ಹೊರಡುತ್ತಿತ್ತು. ಅದು ಮಂಚದ ಪಟ್ಟಿಗೆ ತಾಗಿ ಬುಡದಲ್ಲೇ ಮಡಚಿಕೊಳ್ಳುತ್ತಿತ್ತು. ವೈರನ್ನು ಬುಡದಲ್ಲಿ ಮಡಚಬಾರದು ಎಂಬುದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ. ಪರದೆಯನ್ನೇ ತಲೆಕೆಳಗು ಮಾಡಿ ಕೂರಿಸಿದೆ. ವೈರು ಮೇಲಿನಿಂದ ಹೊರಟು ಗೋಡೆಗುಂಟ ನೇರವಾಗಿ ಇಳಿಯಿತು. ನೋಡುವುದಕ್ಕೆ ಲಕ್ಷಣವಾಗಿತ್ತು. ಚಿತ್ರಗಳು ತಲೆಕೆಳಗಾದವು, ಅದಕ್ಕೆ ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದೆ, ಚಿತ್ರ ನೆಟ್ಟಗಾಯಿತು. ಮೌಸು ಜೋಡಿಸಿಯೇ ಇತ್ತು. ಅದರಲ್ಲಿ ಒಂದೊಂದು ಚಿತ್ರವನ್ನೂ ಒತ್ತಿ ನೋಡಿದೆ. ನೀರು ಎಂದರೆ ನೀರು, ಊಟ ಎಂದರೆ ಊಟ. ಬೆರಳಿನಿಂದ ಮುಟ್ಟಿ ನೋಡಲಿಲ್ಲ. ಆ ಸಾಲಿಗೆ ಆಗಲೇ ಗೆರೆ ಬಿದ್ದಿತ್ತಲ್ಲ.

ಅಷ್ಟಕ್ಕೆ ಬಿಡದೆ ಒಂದು ಕಾಗದದಲ್ಲಿ ನಿಯಮ ಬರೆದು ಗೋಡೆಗೆ ಅಂಟಿಸಿದೆ. ಪರದೆಯ ಗಾಜನ್ನು ಅಕ್ಕ ಬಿಟ್ಟು ಬೇರೆ ಯಾರೂ ಮುಟ್ಟಕೂಡದು, ಎಣ್ಣೆ, ಅರಿಶಿನದ ಕೈ ತಾಗಕೂಡದು. ಪುಟ ಬದಲಾಯಿಸಲು ಮೌಸನ್ನೇ ಬಳಸಬೇಕು. ತಲೆ ಆಡಿಸುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಕೂಡದು, ಪರದೆ ಹೇಳಿದ್ದೇ ಅಂತಿಮ. ಕೆಳಗೆ ಸಹಿ ಹಾಕಿದೆ.

ಮೊದಲ ದಿನದಿಂದಲೇ ತಪ್ಪಾಗತೊಡಗಿತು. ಯಂತ್ರ ಬಾತ್‌ರೂಮು ಎನ್ನುತ್ತಿತ್ತು, ಸೊಸೆ ಬೋಗುಣಿ ತಂದರೆ ಅಕ್ಕ ಎಡಗೈಯಲ್ಲಿ ತಳ್ಳುತ್ತಿದ್ದಳು. ನೋವಾಗುತ್ತಿದೆ ಎನ್ನುತ್ತಿತ್ತು, ಸೊಸೆ ಎಣ್ಣೆ ಕಾಯಿಸಿ ಮೊಣಕಾಲಿಗೆ ತಿಕ್ಕುತ್ತಿದ್ದಳು, ಅಕ್ಕ ಅಡುಗೆಮನೆಯ ಕಡೆ ನೋಡುತ್ತಿದ್ದಳು. ನಾನು ಎರಡು ದಿನ ಎದುರಿಗೆ ಕೂತು ಪರೀಕ್ಷೆ ಮಾಡಿದೆ. ಅವಳಿಗೆ ಮುಖ ಕಾಣುವಂತೆ ಕೂತು, ಚೊಂಬು ಮುಟ್ಟು ಎನ್ನುವುದು, ಯಂತ್ರ ಏನು ಹೇಳಿತೆಂದು ಬರೆದುಕೊಳ್ಳುವುದು. ನನ್ನ ಕಣ್ಣು ಪುಸ್ತಕದ ಮೇಲೆ, ಕಿವಿ ಯಂತ್ರದ ಮೇಲೆ. ಅವಳ ಬೆರಳು ಎಲ್ಲಿ ಬಿತ್ತು ಎಂದು ನೋಡಬೇಕೆಂದು ತೋಚಲಿಲ್ಲ. ಇಪ್ಪತ್ತು ಸಲ ಕೇಳಿದೆ. ಇಪ್ಪತ್ತೂ ತಪ್ಪು.

ಆ ಪುಟ ಈಗಲೂ ನನ್ನ ಹತ್ತಿರ ಇದೆ. ನೀರು ಕೇಳಿದಾಗಲೆಲ್ಲ ಬಾತ್‌ರೂಮು, ಊಟ ಕೇಳಿದಾಗಲೆಲ್ಲ ನೋವು. ಒಂದು ಸಲವೂ ಬೇರೆ ಉತ್ತರವಿಲ್ಲ. ನನ್ನ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ನಾನು ಹೇಳಿಕೊಟ್ಟದ್ದು ಇದನ್ನೇ: ಒಂದು ಮನೆಯ ಕರೆ ಪ್ರತಿ ಸಲವೂ ಅದೇ ಇನ್ನೊಂದು ಮನೆಗೆ ಹೋದರೆ ಚಂದಾದಾರನನ್ನು ಬಯ್ಯಬೇಡಿ, ಎಲ್ಲೋ ಎರಡು ತಂತಿ ಅದಲುಬದಲಾಗಿದೆ, ಹೋಗಿ ನೋಡಿ. ಬುದ್ಧಿ ಕದಡಿದವರು ಮನಸ್ಸಿಗೆ ಬಂದಂತೆ ತಪ್ಪುತ್ತಾರೆ, ಹೀಗೆ ಕ್ರಮವಾಗಿ ತಪ್ಪುವುದಿಲ್ಲ. ಊರಿನವರ ಲೈನಿಗೆಲ್ಲ ಕೊಟ್ಟ ನ್ಯಾಯವನ್ನು ನಾನು ಅಕ್ಕನಿಗೆ ಕೊಡಲಿಲ್ಲ. ಮನೆಯವರನ್ನು ಕೂರಿಸಿ, ಅವಳಿಗೆ ನಾಲ್ಕು ಚಿತ್ರ ಹಿಡಿಸುತ್ತಿಲ್ಲ, ಅರ್ಥಮಾಡಿಕೊಳ್ಳುವ ಶಕ್ತಿಯೂ ಕುಗ್ಗಿದೆ, ಇನ್ನು ಮುಂದೆ ಬೇಕು, ಬೇಡ ಎರಡೇ ಇರಲಿ ಎಂದು ಹೇಳಿದೆ. ಅವಳು ಅಲ್ಲೇ ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಮಂಡ್ಯದ ತರಬೇತಿಯನ್ನೂ ನಿಲ್ಲಿಸಿದೆವು. ಅರ್ಥವೇ ಆಗದವಳನ್ನು ಬಸ್ಸಿನಲ್ಲಿ ಎತ್ತಿ ಇಳಿಸಿ ಯಾಕೆ ನೋಯಿಸಬೇಕು ಎಂದೆ.

ಬೇಕು, ಬೇಡಗಳಲ್ಲಿ ತಪ್ಪು ಸರಿ ನೋಡುವ ದಾರಿಯೇ ಇರಲಿಲ್ಲ. ಚೊಂಬು ಮುಟ್ಟು ಎಂದರೆ ಮುಟ್ಟಿದಳೋ ಇಲ್ಲವೋ ಹೇಳಬಹುದು. ಕಾಫಿ ಬೇಕಾ ಎಂದಾಗ ಯಂತ್ರ 'ಬೇಡ' ಎಂದರೆ ಅದು ಅವಳ ಇಷ್ಟ. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುತ್ತಿದ್ದವಳು ಕಾಫಿ ಬಿಟ್ಟಳು ಎಂದು ಸೊಸೆ ಹೇಳಿದಳು. ಕಾಯಿಲೆಯಲ್ಲಿ ನಾಲಗೆಯ ರುಚಿ ಬದಲಾಗುತ್ತದೆ ಎಂದು ನಾನು ವಿವರಣೆ ಕೊಟ್ಟೆ. ಕಾಫಿಗೆ ಬದಲು ಗಂಜಿ ಬೇಕಾ ಎಂದು ಕೇಳಿದರು. ಯಂತ್ರ 'ಬೇಕು' ಎಂದಿತು. ಗಂಜಿ ಕುಡಿಸಿದರು.

ಅಷ್ಟರಲ್ಲಿ ಸೋದರಳಿಯನಿಗೆ ಸೋಮನಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಬದಲಾಯಿತು. ಸೊಸೆ ಒಬ್ಬಳೇ ಎತ್ತಿ ಕೂರಿಸುವುದು ಕಷ್ಟವಾಯಿತು. ಅವ್ವನನ್ನು ನಾನು ಕರೆದುಕೊಂಡು ಹೋಗುತ್ತೇನೆ ಎಂದು ಮಳವಳ್ಳಿಯಿಂದ ಮಗಳು ಬಂದಳು. ಅವಳದು ನಿಜವಾದ ಅಕ್ಕರೆ. ಆದರೆ ಅಕ್ಕನ ಸ್ವಭಾವ ಎಲ್ಲರಿಗೂ ಗೊತ್ತಿತ್ತಲ್ಲ. ಅವಳನ್ನೇ ಕೇಳೋಣ ಎಂದವನು ನಾನು. ಬೇಡ ಎಂದರೆ ಇಲ್ಲೇ ಒಬ್ಬ ಆಳನ್ನು ಗೊತ್ತುಮಾಡೋಣ ಎಂದು ಸೋದರಳಿಯ ಒಪ್ಪಿದ.

ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ನಾಲ್ವರೂ ಮಂಚದ ಸುತ್ತ ನಿಂತೆವು. ಪರದೆ ಅವಳ ಕಡೆ ತಿರುಗಿತ್ತು, ನಾವೆಲ್ಲ ನೋಡುತ್ತಿದ್ದುದು ಅವಳ ಮುಖವನ್ನು. ಮಗಳ ಮನೆಗೆ ಹೋಗಿ ಇರುವುದು ನಿನಗೆ ಬೇಕಾ ಬೇಡವಾ ಎಂದು ನಾನು ನಿಧಾನವಾಗಿ ಕೇಳಿದೆ. ಅವಳ ಎಡಗೈ ತಕ್ಷಣ ಮೇಲಕ್ಕೆ ಹೋಯಿತು.

"ಬೇಕು," ಎಂದಿತು ನನ್ನ ದನಿ.

ಅವಳು ಪರದೆಯನ್ನು ನೋಡಿದಳು. ಮತ್ತೆ ಒತ್ತಿದಳು. ಬೇಕು. ಮತ್ತೆ ಒತ್ತಿದಳು. ಬೇಕು. ನಿಲ್ಲಿಸದೆ ಒತ್ತುತ್ತಾ ಹೋದಳು, ಯಂತ್ರ ಬೇಕು, ಬೇಕು ಎನ್ನುತ್ತಾ ಹೋಯಿತು. ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

"ನೋಡ್ ಮಾವ, ಅವ್ವಂಗೆ ಎಷ್ಟ್ ಆಸೆ ಇತ್ತು. ಬಾಯಿದ್ದಾಗ ಏಳ್ಲೇ ಇಲ್ಲ."

"ಓಗಕೆ ಏನ್ ಆತ್ರ ನೋಡು," ಎಂದ ಮಗ. ನಗುತ್ತಲೇ ಹೇಳಿದರೂ ಅವನ ಮುಖ ಸಪ್ಪಗಿತ್ತು. "ನಮ್ಮನೆ ಅಷ್ಟೊಂದ್ ಬ್ಯಾಸ್ರ ಆಗೋಗಿತ್ತೇನವ್ವ?"

ಅಕ್ಕ ತಲೆಯನ್ನು ಜೋರಾಗಿ ಆಡಿಸಿದಳು. ಕಣ್ಲಾ, ಕಣ್ಲಾ ಎಂದಳು. ಸೊಸೆಗೆ ಏನೋ ಅನುಮಾನ ಬಂದಿರಬೇಕು, ಅತ್ತೆ ತಲೆ ಆಡಿಸ್ತಾವ್ರಲ್ಲ ಮಾವ ಎಂದು ಮೆಲ್ಲಗೆ ಹೇಳಿದಳು. ನಾನು ಗೋಡೆಯ ಕಾಗದ ತೋರಿಸಿದೆ. ಅಕ್ಕ ಕೊನೆಗೆ ಇಡೀ ಅಂಗೈಯಿಂದ ಪರದೆಯ ಬಲಭಾಗಕ್ಕೆ ಹೊಡೆದಳು. ಚೌಕಟ್ಟು ಅಲುಗಾಡಿತು. ಬೇಕು ಎಂದಿತು. ಪುಸ್ತಕದಲ್ಲಿ ಬರೆದೆ: 'ಬೇಕು. ಏಳು ಸಲ. ಸ್ಪಷ್ಟ.'

ಹೊರಗೆ ಬಂದಾಗ ಎದುರುಮನೆಯ ಹೆಂಗಸು ಜಗಲಿಯಲ್ಲಿ ಕೂತಿದ್ದಳು. ಅಕ್ಕನಿಗೂ ಅವಳಿಗೂ ನಲವತ್ತು ವರ್ಷದ ಜಗಳ ಮತ್ತು ಸ್ನೇಹ. ಅಕ್ಕ ಮಳವಳ್ಳಿಗೆ ಹೋಗಲು ಒಪ್ಪಿದಳು ಎಂದೆ.

"ಯಾರು, ಅವಳಾ? ಮಗಳ ಮನೇಗಾ? ಸುಳ್ಳ್ ಬುಡಪ್ಪ."

ಯಂತ್ರವೇ ಹೇಳಿತು ಎಂದೆ.

"ಮಿಸೀನು ಏಳ್ತಾ? ಅಂಗಾರೆ ಸರಿ ಬುಡು. ನಾವೇನ್ ಓದಿದ್ದೀವಾ," ಎಂದು ಹೇಳಿ ಅವಳು ಒಳಗೆ ಎದ್ದುಹೋದಳು. ಅದರಲ್ಲಿದ್ದ ಕೊಂಕು ನನಗೆ ತಾಗಿತು.

ಮಾರನೆಯ ದಿನ ಕಾರು ಮಾಡಿಕೊಂಡು ಅಕ್ಕನನ್ನೂ ಪರದೆಯನ್ನೂ ಮಳವಳ್ಳಿಗೆ ಸಾಗಿಸಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅಲ್ಲಿಯೂ ಮಂಚದ ಎಡಗಡೆ, ಅದೇ ಎತ್ತರಕ್ಕೆ, ತಲೆಕೆಳಗಾಗಿಯೇ ಪರದೆ ಕೂರಿಸಿ ಬಂದೆ. ವೈರು ನೇರವಾಗಿ ಇಳಿದಿತ್ತು. ಮುಂದೆ ಮೂರು ತಿಂಗಳು ನನಗೆ ಕಣ್ಣಿನ ಪೊರೆಯ ಆಪರೇಷನ್ನು, ಅದರ ಪಥ್ಯ ಎಂದು ಹೋಗಲಾಗಲಿಲ್ಲ. ಫೋನು ಮಾಡಿದರೆ, ಅವ್ವ ಮೊದಮೊದಲು ಒಂದು ತಿಂಗಳು ಪರದೆಯ ಕಡೆ ತಿರುಗಿಯೂ ನೋಡಲಿಲ್ಲ, ಈಚೆಗೆ ಸರಿಹೋಗಿದ್ದಾಳೆ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳುತ್ತಾಳೆ, ನಾಲ್ಕು ಚಿತ್ರವನ್ನೂ ಮತ್ತೆ ಹಾಕಿದ್ದೇನೆ, ಕಾಫಿಯನ್ನೂ ಮತ್ತೆ ಶುರುಮಾಡಿದ್ದಾಳೆ ಎಂದು ಮಗಳು ಹೇಳಿದಳು. "ಬುದ್ಧಿ ಸರಿಯೋಯ್ತಾ ಅದೆ ಮಾವ," ಎಂದಳು. ನನಗೆ ಹೆಮ್ಮೆಯಾಯಿತು. ನನ್ನ ಯಂತ್ರದಿಂದ ಅವಳು ಕಲಿತಳು ಎಂದುಕೊಂಡೆ.

ಕಣ್ಣು ಸರಿಹೋದ ಮೇಲೆ ಒಂದು ಭಾನುವಾರ ಹೋದೆ. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದಳು, ಮುಖದಲ್ಲಿ ಏನೂ ಕಾಣಲಿಲ್ಲ. ಮಗಳು ಅಡುಗೆಮನೆಯಿಂದಲೇ ಕೂಗಿ ಕೇಳಿದಳು, ಕಾಫಿ ಬೇಕಾ ಅವ್ವ ಎಂದು. ಅಕ್ಕ ಕೈ ಚಾಚಿ ಪರದೆಯ ಬಲಗಡೆಯ ಕೆಂಪು ಗುರುತನ್ನು ಒತ್ತಿದಳು.

"ಬೇಕು," ಎಂದಿತು ನನ್ನ ದನಿ. ಒಳಗೆ ಹಾಲು ಒಲೆಗೆ ಇಟ್ಟ ಸದ್ದಾಯಿತು.

ಅವಳು ಒತ್ತಿದ್ದು ಕೆಂಪನ್ನು. ನಾನು ಎದ್ದುಹೋಗಿ, ಚೌಕಟ್ಟಿಗೆ ಕೂರಿಸಿದ ಮೇಲೆ ಮೊದಲನೆಯ ಸಲ, ನನ್ನ ಬೆರಳಿನಿಂದ ಆ ಗಾಜನ್ನು ಮುಟ್ಟಿದೆ. ಹಸಿರು ಒತ್ತಿದೆ. ಬೇಡ ಎಂದಿತು. ಮೌಸಿನಿಂದ ಪುಟ ತಿರುಗಿಸಿ ಚೊಂಬು ಮುಟ್ಟಿದೆ. ಬಾತ್‌ರೂಮು ಎಂದಿತು.

ಪರದೆಯ ಚಿತ್ರ ಬೇರೆ, ಅದರ ಸ್ಪರ್ಶ ಬೇರೆ. ಚಿತ್ರವನ್ನು ತಿರುಗಿಸಿದರೆ ಸ್ಪರ್ಶ ತಾನಾಗಿ ತಿರುಗುವುದಿಲ್ಲ, ಅದಕ್ಕೆ ಇನ್ನೊಂದು ಸಾಲು ಬರೆಯಬೇಕು. ಚಿತ್ರ ನೆಟ್ಟಗೆ ನಿಂತಿದ್ದರೂ ಗಾಜು ತಾನು ಇನ್ನೂ ಮೇಜಿನ ಮೇಲಿದ್ದಂತೆ ನೆಟ್ಟಗೇ ಇದ್ದೇನೆಂದು ತಿಳಿದು, ಮೇಲಿನ ಎಡಮೂಲೆಯನ್ನು ಮುಟ್ಟಿದರೆ ಕೆಳಗಿನ ಬಲಮೂಲೆ ಎಂದು ಲೆಕ್ಕ ಹಾಕುತ್ತಿತ್ತು. ಮೌಸಿಗೆ ಈ ತೊಂದರೆ ಇಲ್ಲ. ಈ ಮಾತು ನನ್ನ ಹನ್ನೊಂದು ಪುಟದ ಪುಸ್ತಕದ ಕೊನೆಯ ಪುಟದಲ್ಲೇ ಇತ್ತು. ಮನೆಗೆ ಹೋದ ಮೇಲೆ ತೆಗೆದು ನೋಡಿದೆ. ಓದಿದ ಹೊತ್ತಿನಲ್ಲಿ ಪರದೆ ಮೇಜಿನ ಮೇಲೆ ನೆಟ್ಟಗೆ ಇತ್ತು. ಪಕ್ಕದಲ್ಲಿ ನನ್ನದೇ ಕೈಬರಹ, ಕೆಂಪು ಶಾಯಿ: 'ಅನ್ವಯಿಸುವುದಿಲ್ಲ'.

ನಾನು ಬುದ್ಧಿ ಹೋಗಿದೆ ಎಂದು ಹೇಳಿದವಳು, ಅಕ್ಷರ ಬಾರದವಳು, ಅರ್ಧ ದೇಹ ಸತ್ತವಳು, ಒಂದು ತಿಂಗಳು ಆ ಪರದೆಯನ್ನು ದೂರ ಇಟ್ಟು, ಆಮೇಲೆ ಅದರ ದೋಷವನ್ನು ತಾನೇ ಕಂಡುಹಿಡಿದು, ಅದಕ್ಕೆ ತಕ್ಕಂತೆ ತನ್ನ ಕೈಯನ್ನು ತಿದ್ದಿಕೊಂಡಿದ್ದಳು. ನೀರಿಗೆ ಬಾತ್‌ರೂಮು, ಊಟಕ್ಕೆ ಮೊಣಕಾಲು, ಬೇಕು ಎನ್ನಲು ಬೇಡ. ಮಗಳು ಅಡುಗೆಮನೆಯಲ್ಲಿ ಇದ್ದುಕೊಂಡು ದನಿಯನ್ನಷ್ಟೇ ಕೇಳುತ್ತಿದ್ದಳು, ಅವಳಿಗೆ ತಿಳಿಯುವ ಬಗೆಯಿರಲಿಲ್ಲ.

ನಾನು ಆಗ ಮಾಡಿದ್ದು ಇನ್ನೊಂದು ತಪ್ಪು. ಚೀಲದಲ್ಲಿ ತಂದಿದ್ದ ಕೀಬೋರ್ಡು ಜೋಡಿಸಿ, ಮೊಬೈಲಿನಲ್ಲಿ ಹುಡುಕಿ, ಕೂತಲ್ಲೇ ಆ ಸಾಲನ್ನು ಬರೆದು ಯಂತ್ರವನ್ನು ಸರಿಮಾಡಿ, ಬೇಕು, ಬೇಡದ ಪುಟಕ್ಕೆ ತಂದಿಟ್ಟೆ. ಐದು ನಿಮಿಷ ಹಿಡಿಯಿತು. ಅಕ್ಕನಿಗೆ ಹೇಳಬೇಕೆಂದೂ ತೋಚಲಿಲ್ಲ. ದೋಷ ಕಂಡರೆ ಸರಿಮಾಡುವುದು, ಅಷ್ಟೇ ನನಗೆ ಗೊತ್ತಿರುವುದು. ಕಾಫಿ ಬಂತು, ಅವಳು ಕುಡಿದಳು. ಮಗಳು ಇನ್ನೊಂದು ಚೂರು ಬೇಕಾ ಎಂದಳು. ಅಕ್ಕ ಕಲಿತ ಪ್ರಕಾರ ಹಸಿರು ಒತ್ತಿದಳು, ಬೇಡವೆಂದು ಹೇಳಲು. ಯಂತ್ರ ಬೇಕು ಎಂದಿತು. ಅವಳ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ಪರದೆಯನ್ನು ನೋಡಿದಳು. ಆಮೇಲೆ, ನನ್ನ ತೊಡೆಯ ಮೇಲಿದ್ದ ಕೀಬೋರ್ಡನ್ನು ನೋಡಿದಳು. ಆಮೇಲೆ ನನ್ನನ್ನು.

"ಕಣ್ಲಾ," ಎಂದಳು. ತುಂಬ ಮೆಲ್ಲಗೆ.

ಆ ಸಾಲನ್ನು ಅಳಿಸಿದೆ. ಯಂತ್ರವನ್ನು ಮೊದಲಿದ್ದಂತೆಯೇ ಕೆಡಿಸಿದೆ. ತಪ್ಪೆಂದು ತಿಳಿದೂ ನಾನು ಹಾಗೆಯೇ ಬಿಟ್ಟ ಕೆಲಸ ನನ್ನ ಬದುಕಿನಲ್ಲಿ ಇದೊಂದೇ. ಅವಳ ಮುಂದೆ ಕುರ್ಚಿ ಎಳೆದುಕೊಂಡು, ಪರದೆ ತಿರುವುಮುರುವಾಗಿತ್ತು, ತಪ್ಪು ನನ್ನದು, ಈಗ ನೀನು ಕಲಿತಿದ್ದಂತೆಯೇ ಇಟ್ಟಿದ್ದೇನೆ ಎಂದು ಹೇಳಿದೆ. ಬೆಸಗರಹಳ್ಳಿಗೆ ವಾಪಸ್ಸು ಹೋಗಬೇಕಾ ಎಂದು ಕೇಳಿದೆ. ಈ ಸಲ ಪುಸ್ತಕ ತೆರೆಯಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದೆ.

ಕೆಂಪು ಒತ್ತಿದಳು. ಬೇಕು ಎಂದಿತು. ಒಂದೇ ಸಲ. ಆವತ್ತಿನಂತೆ ಏಳು ಸಲ ಒತ್ತಲಿಲ್ಲ. ಕೈಯನ್ನು ಮಡಿಲಿಗೆ ತೆಗೆದುಕೊಂಡಳು.

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ನಾನೇನ್ ಕಮ್ಮಿ ಮಾಡಿದ್ದೀನಿ ಮಾವ?" ಎಂದಳು. ಕಮ್ಮಿ ಏನೂ ಇರಲಿಲ್ಲ. ಅಕ್ಕನ ಸೀರೆ ಮಡಿಯಾಗಿತ್ತು, ತಲೆ ಬಾಚಿ ಹೂವು ಬೇಡವೆಂದು ತುಳಸಿಯ ಕುಡಿ ಸಿಕ್ಕಿಸಿದ್ದಳು. ಅವಳಿಗೆ ಎಲ್ಲವನ್ನೂ ವಿವರಿಸಿದೆ. ಪರದೆಯನ್ನು ತಾನೂ ಒತ್ತಿ ನೋಡಿದಳು. ಆವತ್ತು ತಾನು ನಕ್ಕದ್ದು ಅವಳಿಗೆ ನೆನಪಾಗಿರಬೇಕು. ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದವಳು ನಾನು ಹೊರಡುವವರೆಗೂ ಈಚೆಗೆ ಬರಲಿಲ್ಲ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ಬೆಸಗರಹಳ್ಳಿಗೆ ಹೋದೆ. ಅಕ್ಕನ ಕೋಣೆಯಲ್ಲಿ ಈಗ ಸೊಸೆ ಹೊಲಿಗೆ ಕೆಲಸ ಮಾಡುತ್ತಾಳೆ. ಎರಡು ಮಿಷನ್ನು, ಕತ್ತರಿಸಿದ ರವಿಕೆಯ ಬಟ್ಟೆ. ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ನಾನು ಹೇಳುವುದನ್ನೆಲ್ಲ ಸೋದರಳಿಯ ನಿಂತುಕೊಂಡೇ ಕೇಳಿದ. ಅವನೂ ಆವತ್ತಿನಿಂದ ನೊಂದಿದ್ದ. ತನ್ನ ಮನೆ ಬೇಡವೆಂದು ತಾಯಿ ಏಳು ಸಲ ಹೇಳಿಹೋದಳೆಂದು ಮೂರು ತಿಂಗಳು ನುಂಗಿಕೊಂಡಿದ್ದ.

"ತಲೆ ಆಡ್ಸುದ್ ನಂಬಬ್ಯಾಡಿ, ಸ್ಕ್ರೀನ್ ಏಳಿದ್ದೇ ಕೊನೆ ಅಂತ ಕಾಗ್ದ ಅಂಟ್ಸಿದ್ದೋರು ನೀವು ಮಾವ," ಎಂದ. "ಆವತ್ತು ಅದು ಬೇಕು ಅಂತು, ಒಪ್ಕಂಡೊ. ಈಗ ಅದು ಕೆಟ್ಟಿತ್ತು ಅಂತೀರಿ. ಕೆಟ್ಟಿರದ್ನೇ ಇಟ್ಕಂಡು ಇನ್ನೊಂದ್ಸಲ ಕೇಳ್ದೆ ಅಂತೀರಿ. ನಾಳಿಕ್ಕೆ ಇನ್ನೇನ್ ಅಂತೀರೋ. ಅವ್ವನ್ನ ಮೂಟೆ ಅಂಗೆ ಅತ್ತಗೂ ಇತ್ತಗೂ ಒರ್ಸಕಾದದಾ?"

ಯಂತ್ರ ಹೇಳಿದ್ದೇ ಅಂತಿಮ ಎಂದು ಕಲಿಸಿದವನು ನಾನೇ. ಯಂತ್ರವನ್ನು ಬಿಟ್ಟು ಅವಳನ್ನು ನಂಬು ಎಂದು ಹೇಳಲು ನನಗೆ ಯಾವ ಮುಖವೂ ಉಳಿದಿರಲಿಲ್ಲ. ಗೋಡೆಯ ಮೇಲೆ ಕಾಗದ ಹಾಗೆಯೇ ಇತ್ತು, ಕೆಳಗೆ ನನ್ನ ಸಹಿ. ಕಿತ್ತುಕೊಂಡು ಮಡಚಿ ಜೇಬಿಗೆ ಹಾಕಿಕೊಂಡೆ. ಸೊಸೆ ತಲೆ ಎತ್ತದೆ ಹೊಲಿಯುತ್ತಿದ್ದಳು. ಆವತ್ತು ತಲೆ ಆಡಿಸುತ್ತಿದ್ದಾರಲ್ಲ ಎಂದವಳು ಅವಳು ಒಬ್ಬಳೇ.

ನನ್ನ ಮನೆಗೇ ಕರೆದುಕೊಂಡು ಬರಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ನಮ್ಮದು ಮಹಡಿಯ ಮನೆ, ಹದಿನೇಳು ಮೆಟ್ಟಿಲು. ಆದರೂ ಅಕ್ಕನನ್ನು ಕೇಳಿದೆ. ಹಸಿರು ಒತ್ತಿ ಬೇಡ ಎಂದಳು. ಅದರಲ್ಲಿ ಅನುಮಾನವೇನೂ ಇರಲಿಲ್ಲ.

ಈಗ ಪ್ರತಿ ಭಾನುವಾರ ಒಂಬತ್ತು ಹತ್ತರ ಬಸ್ಸಿಗೆ ಮಳವಳ್ಳಿಗೆ ಹೋಗುತ್ತೇನೆ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಬೆಸಗರಹಳ್ಳಿಯ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ. ಕೇಳಿದರೆ ಬರುವ ಉತ್ತರ ಗೊತ್ತು, ನಡೆಸಿಕೊಡಲಾಗುವುದಿಲ್ಲ ಎಂಬುದೂ ಗೊತ್ತು. ಅಕ್ಕ ಕಾಲು ಚಾಚುವುದಿಲ್ಲ. ದಿಂಬು ಎಷ್ಟು ಸರಿಮಾಡಿದರೂ ಸ್ವಲ್ಪ ಹೊತ್ತಿಗೆ ಮಂಚದ ಅಂಚಿಗೆ ಸರಿದು ಕೂರುತ್ತಾಳೆ, ಸಾಯಂಕಾಲದ ಬಸ್ಸಿಗೆ ಹೊರಡಬೇಕಾದವಳ ಹಾಗೆ.

ಹೊರಡುವ ಹೊತ್ತಿಗೆ ಮಗಳು ಕಾಫಿ ಬೇಕಾ ಎಂದು ಕೇಳುತ್ತಾಳೆ. ಅಕ್ಕ ಕೆಂಪು ಗುರುತನ್ನು ಒತ್ತುತ್ತಾಳೆ. ಬೇಕು ಎಂದು ನನ್ನ ದನಿ ಸ್ಪಷ್ಟವಾಗಿ, ಅಚ್ಚುಕಟ್ಟಾಗಿ ಹೇಳುತ್ತದೆ. ಆ ದನಿಯನ್ನು ಅಳಿಸಿ ಮಗಳ ದನಿ ತುಂಬಿಸೋಣವೆಂದು ಒಮ್ಮೆ ಕೀಬೋರ್ಡು ತೆಗೆದುಕೊಂಡು ಹೋಗಿದ್ದೆ. ಚೀಲದಿಂದ ಅದನ್ನು ತೆಗೆಯುತ್ತಿದ್ದಂತೆಯೇ ಅಕ್ಕ ಎಡಗೈ ಚಾಚಿ ಪರದೆಯ ಮೇಲೆ ಅಡ್ಡ ಹಿಡಿದಳು. ಚೀಲಕ್ಕೆ ವಾಪಸ್ಸು ಹಾಕಿದೆ. ಅದನ್ನು ನಾನು ಚೀಲದೊಳಗೆ ಇಟ್ಟು ದಾರ ಕಟ್ಟುವವರೆಗೂ ಅವಳು ಕೈ ತೆಗೆಯಲಿಲ್ಲ.